ಹಾಡಾಕ ನಿಂತ್ರ ಬಾಯಿ ಯಾಕ ಬದಲಾಗ್ತೈತಿ?

1/9
ಈ ಫೋಟೋದಾಗ ನನ್ನ ಕೈಯಾಗ ಇರೋದು ಎರಡನೇ ಬಹುಮಾನದ ಶೀಲ್ಡ್. ಹೋದ ವರ್ಷ ಗ್ಯಾದರಿಂಗ್‌ದಾಗ ಬಂದಿದ್ದು. ಭಾಳ ಮಂದಿ ಲೈಕ್ ಒತ್ತಿದ್ರಿ, ಥ್ಯಾಂಕ್ಸ್ ದೋಸ್ತರ. ಆದ್ರ ಅವತ್ತು ಏನಾತು ಅಂತ ಯಾರ ಮುಂದೂ ಹೇಳಿರಲಿಲ್ಲ. ಇವತ್ತು ಹೇಳ್ತೀನಿ.

ನಾವು ನಾಕು ಮಂದಿ. ಹಾಡಾಂವ ನಾನು, ಬೈಲಹೊಂಗಲ. ಗಿಟಾರ್ ಕಿತ್ತೂರಿನಾಂವ. ದಪ್ಪು ಸವದತ್ತಿಯಾಂವ. ಹಾಡು ಬರಿಯಾಕಿ ರಾಮದುರ್ಗದಾಕಿ, ನೇಕಾರರ ಮನಿ. 2019ರ ಆಗಸ್ಟ್‌ನ್ಯಾಗ ಮಲಪ್ರಭಾ ಉಕ್ಕಿ ಬಂದಾಗ ಅವರ ಮನಿಯ ಮಗ್ಗದ ಕುಣಿಯೊಳಗ ನೀರು ನಿಂತಿತ್ತು. ಆಕಿ ಬರೆದ ಹಾಡು ಹೊಳಿಗೆ ಕೇಳೋ ಪ್ರಶ್ನೆ: "ಮತ್ತ ಬರ್ತೀಯೇನ ಹೊಳಿ?"

ಪ್ರಾಕ್ಟೀಸ್ ನೋಡಾಕ ಬಂದ ಹಿರಿಯರೊಬ್ಬರು ಕೇಳಿ, "ಹಾಡೇನೋ ಚಲೋ ಐತಿ, ಆದ್ರ ಸ್ಟೇಜ್ ಮ್ಯಾಲೆ ಶುದ್ಧ ಕನ್ನಡ ಇರ್ಲಿ. ಹಿಂಗ ಹಾಡಿದ್ರ ಕಾಮಿಡಿ ಅನಸ್ತೈತಿ" ಅಂದ್ರು. ಮಜಾ ಏನಂದ್ರ, ಅವರು ಹೇಳಿದ್ದೂ ನಮ್ಮ ಕನ್ನಡದಾಗ!

ನಾವು ಹೆದರಿದ್ವಿ. ಒಂದ ರಾತ್ರಿಯೊಳಗ ಎಲ್ಲಾ ತಿದ್ದಿದ್ವಿ. "ಮತ್ತೆ ಬರುವೆಯಾ ನದಿಯೇ" ಅಂತ ಹಾಡಿದ್ವಿ. ಶೀಲ್ಡ್ ಬಂತು.

ಮನಿಗೆ ಬಂದು ಅವ್ವಗ ವಿಡಿಯೋ ತೋರಿಸಿದೆ. ಪೂರ್ತಿ ನೋಡಿ ಕೇಳಿದ್ಲು, "ಚಂದ ಹಾಡೀರಿ. ಆದ್ರ ಯಾರ ಜೋಡಿ ಮಾತಾಡಾಕತ್ತಿದ್ರಿ?" ಹೊಳಿ ಜೋಡಿ ಅಂದೆ. "ನಮ್ಮ ಹೊಳಿಗೆ ಆ ಕನ್ನಡ ತಿಳೀತೈತೇನ?" ಅಂದ್ಲು.

ಅವತ್ತಿಂದ ಈ ಶೀಲ್ಡ್ ಕಪಾಟಿನ್ಯಾಗ ಮುಖ ತಿರುವಿ ಕುಂತೈತಿ.

2/9
ನಮ್ಮ ಮಾತಿಗೆ ಎಲ್ಲೆಲ್ಲಿ ಪರವಾನಗಿ ಐತಿ, ಲೆಕ್ಕ ಹಾಕೋಣ ಬರ್ರಿ.

ಸಿನಿಮಾದಾಗ ಹೀರೋನ ದೋಸ್ತ ನಗಸಬೇಕಾದ್ರ ಐತಿ. ರೀಲ್ಸ್‌ದಾಗ ಗಂಡ-ಹೆಂಡತಿ ಜಗಳಕ್ಕ ಐತಿ. ಮಿರ್ಚಿ ಭಜಿ, ಖಡಕ್ ರೊಟ್ಟಿ ವಿಡಿಯೋಕ್ಕ ಐತಿ. ಬೈಗುಳಕ್ಕಂತೂ ಫುಲ್ ಐತಿ. ಆದ್ರ ಅದ ಸಿನಿಮಾದಾಗ ಹೀರೋ ಪ್ರೀತಿಗೆ ಬಿದ್ದ ಕೂಡಲೇ ಬಾಯಿ ಬದಲಾಗ್ತೈತಿ. ಅಳು ಬಂದ್ರ ಬದಲಾಗ್ತೈತಿ. ಯೋಚನಿ ಮಾಡಾಕ ಕುಂತ್ರ ಬದಲಾಗ್ತೈತಿ. ಅಂದ್ರ ನಮ್ಮ ಮಾತಿನ್ಯಾಗ ನಗಬೋದು, ಬೈಬೋದು, ತಿನ್ನಬೋದು. ಪ್ರೀತಿ ಮಾಡಾಕ, ದುಃಖಪಡಾಕ ಬೆಂಗಳೂರಿನಿಂದ ಭಾಷೆ ಬಾಡಿಗೆ ತರಬೇಕು.

ಇದನ್ನ ಬೆಂಗಳೂರು ಮಂದಿ ಮಾಡಿದ್ರು ಅಂತ ಅವರ ಮ್ಯಾಲೆ ಹಾಕೋದು ಸಸ್ತಾ ಕೆಲಸ. ನಮ್ಮ ಹಾಡು ತಿದ್ದಿದಾವರು ಯಾರು? ನಾವ. ಪೆನ್ನು ನಮ್ಮ ಕೈಯಾಗ ಇತ್ತು.

ಕ್ಲಾಸ್‌ಮೇಟ್ ಒಬ್ಬ ಮೊನ್ನೆ ಚಾದ ಅಂಗಡಿ ಮುಂದ ಇನ್ನೂ ಒಂದು ಹೆಜ್ಜಿ ಮುಂದ ಹೋದ: "ಲೇ, ಗಿಟಾರ್ ಹಿಡದ ಮ್ಯಾಲೆ ನಮ್ಮ ಭಾಷೆ ಸೂಟ್ ಆಗಂಗಿಲ್ಲ. ರಾಕ್ ಅಂದ್ರ ಇಂಗ್ಲಿಷ್, ಇಲ್ಲಾ ಹಿಂದಿ."

ಅವಗ ಅಲ್ಲೇ ಉತ್ತರ ಕೊಡಾಕ ಆಗಲಿಲ್ಲ. ಮನಿಗೆ ಬಂದ ಮ್ಯಾಲೆ ನೆನಪಾತು. ಉತ್ತರ 2008ರಾಗ ಬಂದು ಕುಂತೈತಿ. ನಮ್ಮಲ್ಲಿ ಕೆಲವರು ಅಂಗನವಾಡಿಯಾಗ ಉಪ್ಪಿಟ್ಟು ತಿನ್ನಾಕತ್ತಿದ್ದ ಹೊತ್ತಿನ್ಯಾಗ.

ಮುಂದಿನ ಫೋಟೋ ನೋಡ್ರಿ.

3/9
ಈ ಆಲ್ಬಂ ಹೆಸರು 'ಅಂತರಾಗ್ನಿ: ದ ರಘು ದೀಕ್ಷಿತ್ ಪ್ರಾಜೆಕ್ಟ್'. 2008ರಾಗ ಬಂತು. ಒಟ್ಟು ಎಂಟು ಹಾಡು.

ರಘು ದೀಕ್ಷಿತ್ ನಾಸಿಕದಾಗ ಹುಟ್ಟಿ ಮೈಸೂರಿನ್ಯಾಗ ಬೆಳೆದವರು. ಮೈಕ್ರೋಬಯಾಲಜಿ ಓದಿದಾವರು, ಭರತನಾಟ್ಯ ಕಲಿತಾವರು. ಸಂಗೀತದ ಮನಿತನ ಇಲ್ಲ. ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿದ್ರು, ತೆರೀಲಿಲ್ಲ. ಆಲ್ಬಂದಾಗ ಮುಂಬೈದಾಗ ಪವಾಡಕ್ಕ ಕಾಯಾಕತ್ತೀನಿ ಅನ್ನೋ ಅರ್ಥದ ಹೆಸರಿನ ಹಾಡೊಂದೈತಿ. ಆ ಹೆಸರೊಳಗ ಆ ಕಾಲದ ಕಥಿ ಬಂದು ಬಿಡ್ತೈತಿ. ಕಡೀಕ ವಿಶಾಲ್-ಶೇಖರ್ ತಮ್ಮ ಲೇಬಲ್‌ನಿಂದ ಹೊರಗ ತಂದ್ರು.

ಮುಂದ ಏನಾತು? 2010ರಾಗ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಾಗ ಹಾಡಿದ್ರು. ಅದಾದ ಮ್ಯಾಲೆ ಬ್ರಿಟನ್ನಿನ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯೊಳಗ ಈ ಆಲ್ಬಂ ಒಂದನೇ ಜಾಗಕ್ಕ ಏರಿತು. 2011ರಾಗ ಗ್ಲಾಸ್ಟನ್‌ಬರಿ ಉತ್ಸವ. ಲುಂಗಿ ಉಟ್ಟು, ಕಾಲಿಗೆ ಗೆಜ್ಜಿ ಕಟ್ಟಿ, ಗಿಟಾರ್ ಹಾಕ್ಕೊಂಡು ನಿಂತ್ರು.

ಈಗ ಕೇಳ್ರಿ. ಆ ಎಂಟು ಹಾಡಿನ್ಯಾಗ ಎರಡು ಕನ್ನಡದ್ದು: 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನಿಯ ಮಾಳಿಗಿ'. ಎರಡೂ ಶಿಶುನಾಳ ಷರೀಫರವು. ಶಿಶುನಾಳ ಎಲ್ಲೈತಿ? ಶಿಗ್ಗಾಂವಿ ತಾಲೂಕು, ಈಗ ಹಾವೇರಿ ಜಿಲ್ಲೆ. ನಮ್ಮಿಂದ ಭಾಳ ದೂರ ಏನಿಲ್ಲ. ಷರೀಫರು ಹುಟ್ಟಿದ್ದು 1819. ಕಿತ್ತೂರಿನ ಯುದ್ಧ ಆದಾಗ ಐದು ವರ್ಷದ ಹುಡುಗ.

ಮೈಸೂರಿನಾವರು ಹಾಡಾಕ ನಿಂತ್ರು, ಬಾಯಿ ನಮ್ಮ ಕಡೀದಾತು. ನಾವು ಹಾಡಾಕ ನಿಂತ್ವಿ, ಬಾಯಿ ಬೆಂಗಳೂರಿನ ಕಡೀದಾತು. ನಾಚಿಗಿ ಯಾರಿಗೆ ಬರಬೇಕು?

4/9
ಈ ಫೋಟೋ ನಮ್ಮ ಅಜ್ಜನ ಮನಿಯ ಮಾಳಿಗಿ. ಮಣ್ಣಿನದು. ಮಳಿಗಾಲ ಬಂತಂದ್ರ ಅಡಗಿಮನಿಯಾಗ ಒಂದು ಬಕೆಟ್, ಪಡಸಾಲಿಯಾಗ ಒಂದು ಪಾತೇಲಿ. ರಾತ್ರಿ ಹಾಸಿಗಿ ಎಳಕೊಂಡು ಎಳಕೊಂಡು ಒಣಾ ಜಾಗ ಹುಡಕೋದು.

'ಸೋರುತಿಹುದು ಮನಿಯ ಮಾಳಿಗಿ' ಅನ್ನೋ ಹೆಸರು ಕೇಳಿದ ಕೂಡಲೇ ನಮಗ ಅರ್ಥ ಹೇಳಬೇಕಾಗಿಲ್ಲ. ಮೈ ಮ್ಯಾಲೆ ಹನಿ ಬಿದ್ದಂಗ ಆಗ್ತೈತಿ. ಆಮ್ಯಾಲೆ ತಿಳೀತೈತಿ, ಮನಿ ಅಂದ್ರ ದೇಹ, ಮನಸ್ಸು, ಸೋರೋದು ಅಜ್ಞಾನ ಅಂತ. ಮೊದಲು ಬಕೆಟ್, ಆಮ್ಯಾಲೆ ತತ್ವ. ನೀರು ಸೋರಿದ ಅನುಭವ ಇಲ್ಲದಾವಗ ಅದು ಬರೀ ಉಪದೇಶ.

ಆ ಹೆಸರಿನ ಮೂರು ಪದ ಮತ್ತೊಮ್ಮೆ ಓದ್ರಿ. 'ಸೋರುತಿಹುದು' ಪುಸ್ತಕದ ಕನ್ನಡ. ನಮ್ಮ ಓಣಿಯಾಗ ಯಾರೂ ಹಂಗ ಮಾತಾಡಂಗಿಲ್ಲ, 'ಸೋರಾಕತ್ತೈತಿ' ಅಂತೀವಿ. 'ಮನಿ', 'ಮಾಳಿಗಿ' ಓಣಿಯ ಕನ್ನಡ. ಪುಸ್ತಕದಾಗ ಮನೆ, ಮಾಳಿಗೆ. ಎರಡನ್ನೂ ಒಂದ ಸಾಲಿನ್ಯಾಗ ಜೋಡಿ ಕೂಡಿಸ್ಯಾರ. ಷರೀಫರು ಸಾಲಿ ಮಾಸ್ತರಿಕಿ ಮಾಡಿದಾವರು, ಪುಸ್ತಕದ ಕನ್ನಡ ಬರ್ತಿರಲಿಲ್ಲ ಅಂತ ಯಾರೂ ಅನ್ನಂಗಿಲ್ಲ. ಬೇಕಂತ ಮನಿ ಮಾತು ಇಟಗೊಂಡಾರ.

ಹಂಗಾಗಿ ಪುಸ್ತಕದ ಕನ್ನಡದ ಮ್ಯಾಲೆ ನನಗ ಸಿಟ್ಟಿಲ್ಲ. ಈ ಕ್ಯಾಪ್ಶನ್‌ದಾಗೂ ಅದು ಐತಿ. ನನ್ನ ಜಗಳ ಇರೋದು 'ಶುದ್ಧ' ಅನ್ನೋ ಪದದ ಜೋಡಿ. ಒಂದು ಶುದ್ಧ ಅಂದ್ರ ಇನ್ನೊಂದು ಮೈಲಿಗಿ ಅಂತ ಹೇಳಿದಂಗ. ಅವ್ವನ ಮಾತಿಗೆ ಮೈಲಿಗಿ ಅನ್ನಾಕ ನೀವ್ಯಾರು?

5/9
ಈಗ ಚಾದ ಅಂಗಡಿ ದೋಸ್ತನ ಮಾತಿಗೆ ಬರ್ತೀನಿ. "ಸೂಟ್ ಆಗಂಗಿಲ್ಲ."

ಹೈಸ್ಕೂಲ್‌ನ್ಯಾಗ ಗುರು-ಲಘು ಹಾಕಿ ಪ್ರಸ್ತಾರ ಮಾಡಿದ್ದು ನೆನಪೈತೇನ? ನಾಕು ಮಾರ್ಕ್ಸಿನ ಸಲುವಾಗಿ ಕಲತು ಪರೀಕ್ಷಾ ಮುಗದ ದಿನ ಮರತ್ವಿ. ಈಗ ಅದನ್ನ ಹೊರಗ ತೆಗೀರಿ.

"ಮತ್ತೆ ಬರುವೆಯಾ". ಗುರು, ಲಘು, ಲಘು, ಲಘು, ಲಘು, ಗುರು. ನಡುವ ನಾಕು ಲಘು ಸಾಲಾಗಿ ನಿಂತಾವ. ಹಗೂರಕ ಜಾರಿಕೊಂಡು ಹೋಗ್ತೈತಿ, ಭಾವಗೀತೆಗೆ ಚಂದ.

"ಮತ್ತ ಬರ್ತೀಯೇನ". ಗುರು, ಲಘು, ಗುರು, ಗುರು, ಗುರು, ಲಘು. ಮೂರು ಗುರು ಒಂದರ ಹಿಂದ ಒಂದು. ಮೂರು ಪೆಟ್ಟು. ಅಲ್ಲೇ ದಪ್ಪು ಬೀಳ್ತೈತಿ, ಅಲ್ಲೇ ಗಿಟಾರ್ ಹೊಡೀತೈತಿ.

ಇದೊಂದ ಸಾಲಲ್ಲ. 'ಬರುತ್ತದೆ' ನಾಕು ಅಕ್ಷರ, 'ಬರ್ತೈತಿ' ಮೂರು. 'ಹೋಗುವುದಿಲ್ಲ' ಐದು, 'ಹೋಗಂಗಿಲ್ಲ' ನಾಕು. ನಮ್ಮ ಮಾತು ಸ್ವರ ನುಂಗಿ ಒತ್ತು ಕೊಡ್ತೈತಿ. ಡ್ರಮ್ ಬಾರಿಸಾವರಿಗೆ ಬೇಕಾಗಿದ್ದೂ ಅದ.

ತಿದ್ದಿದ ಹಾಡು ಸ್ಟೇಜ್ ಮ್ಯಾಲೆ ಹಾಡಿದಾಗ ನಮ್ಮ ಸವದತ್ತಿಯಾಂವ "ಏನೋ ಪೆಟ್ಟು ಕೂಡವಲ್ದು" ಅಂತಿದ್ದ. ಅವನ ಕೈ ತಪ್ಪು ಅಂತ ನಾವೆಲ್ಲ ಬೈದ್ವಿ. ಪಾಪ, ತಪ್ಪು ಅವನ ಕೈಯಾಗ ಇರಲಿಲ್ಲ, ನಾವು ತಿದ್ದಿದ ಸಾಲಿನ್ಯಾಗ ಇತ್ತು. ಸಾರಿ ದೋಸ್ತ, ಎಲ್ಲರ ಮುಂದ ಹೇಳಾಕತ್ತೀನಿ.

ಅಂವ ದಪ್ಪು ಹಿಡಿಯಾಕ ಕಲತದ್ದು ಯೂಟ್ಯೂಬ್‌ದಾಗಲ್ಲ. ಎಲ್ಲಮ್ಮನ ಗುಡ್ಡದ ಜಾತ್ರಿಯಾಗ ಚೌಡಕಿ ಪದ ಕೇಳಿ ಬೆಳೆದಾಂವ. ಚೌಡಕಿಗೆ ಇರೋದ ಒಂದ ತಂತಿ. ಆ ಒಂದ ತಂತಿ ಮ್ಯಾಲೆ ಜೋಗತಿಯರು ಗುಡ್ಡ ಅಲಗಾಡಿಸ್ತಾರ. ನಮ್ಮ ಗಿಟಾರಿಗೆ ಆರು ಅದಾವ. ಇನ್ನೂ ಯಾವ ನೆಪ ಹೇಳೋಣ?

6/9
ಇಲ್ಲಿತನಕ ಹೊಗಳಿದೆ. ಇನ್ನ ಆ ಆಲ್ಬಂ ಮ್ಯಾಲೆ ನನ್ನ ತಕರಾರು.

ಎಂಟರೊಳಗ ಎರಡು ಕನ್ನಡ. ಉಳಿದ ಆರು ಹಿಂದಿ, ಇಂಗ್ಲಿಷ್. ಆ ಎರಡು ಕನ್ನಡದ ಹಾಡು ಬರೆದಾವರು ತೀರಿಕೊಂಡಿದ್ದು 1889ರಾಗ. ಅಂದ್ರ ಆಲ್ಬಂದಾಗ ಕನ್ನಡದ್ದು ಅಂತ ಇರೋದು ನೂರು ವರ್ಷ ದಾಟಿದ ತತ್ವಪದ. ಇವತ್ತಿನ ಹುಡುಗನ ಪ್ರೀತಿ, ಒಂಟಿತನ, ಕೆಲಸ ಸಿಗದ ಸಂಕಟ, ಎಲ್ಲಾ ಬ್ಯಾರೆ ಭಾಷೆಯೊಳಗ. 'ಮೈಸೂರ್ ಸೆ ಆಯೀ' ಅಂತ ಒಂದು ಹಾಡು ಐತಿ, ಭಾಳ ಚಂದ ಐತಿ. ಆದ್ರ ನೋಡ್ರಿ, ಮೈಸೂರಿನಿಂದ ಬಂದಾಕಿಯೂ ಹಿಂದಿಯೊಳಗ ಬಂದಾಳ!

ಅದ ವರ್ಷ 'ಸೈಕೋ' ಸಿನಿಮಾಕ್ಕ ಅವರು ಮಾಡಿದ ಕನ್ನಡದ ಹಾಡು ಹಳ್ಳಿ ಹಳ್ಳಿ ಮುಟ್ಟಿದ್ವು, ಅದು ಖರೇ. 2013ರ 'ಜಗ್ ಚಂಗಾ' ಆಲ್ಬಂದಾಗೂ 'ಲೋಕದ ಕಾಳಜಿ', 'ಕೋಡಗನ ಕೋಳಿ ನುಂಗಿತ್ತ' ಅಂತ ಷರೀಫರು ಮತ್ತ ಬರ್ತಾರ. ಸಂತೋಷ. ಆದ್ರ ಅಲ್ಲೂ ನಮ್ಮ ಕಡೀ ಕನ್ನಡಕ್ಕ ಸಿಕ್ಕಿದ್ದು ಅಜ್ಜನ ಕುರ್ಚಿ. ಸಿನಿಮಾದಾಗ ಜೋಕರ್, ಆಲ್ಬಂದಾಗ ಸಂತ. ನಡುವ ಇರೋ ಇಪ್ಪತ್ತು ವರ್ಷದ ಮನಷಾ ಎಲ್ಲಿ ಹೋದ? ಬಸ್ ತಪ್ಪಿಸಿಕೊಂಡಾಂವ, ಹುಡುಗಿ ಕಡೆಯಿಂದ ಬ್ಲಾಕ್ ಆದಾಂವ, ಕಬ್ಬಿನ ಬಿಲ್ ಬರ್ಲಿಲ್ಲಂತ ಅಪ್ಪ ಸುಮ್ನ ಕುಂತಿದ್ದು ನೋಡಿದಾಂವ?

ಇದಕ್ಕ ರಘು ದೀಕ್ಷಿತರನ್ನ ಬೈಬೇಕಾ? ನಮ್ಮ ಬದುಕಿನ ಹಾಡು ಅವರು ಹೆಂಗ ಬರೀತಾರ? ಅವರು ತಮಗ ಬಂದ ಭಾಷೆಯೊಳಗ ತಮ್ಮದು ಬರದ್ರು. ನಮ್ಮ ಕಡೆಯಿಂದ ಅವರಿಗೆ ಸಿಕ್ಕಿದ್ದು ಷರೀಫರು, ಅದನ್ನ ತಲಿ ಮ್ಯಾಲೆ ಹೊತ್ತುಕೊಂಡು ಹೋದ್ರು. ಆಮ್ಯಾಲಿನದು ನಾವು ಏನೂ ಇಡಲಿಲ್ಲಂದ್ರ ಅವರು ಏನು ಒಯ್ಯಬೇಕು?

7/9
"ನಮ್ಮ ಹಾಡು ಕದ್ದು ಫೇಮಸ್ ಆದ್ರು" ಅಂತ ಕೆಲವರು ಅಂತಾರ. ಷರೀಫರ ಹಾಡು ಹಾಡಿದಾವರ ಸ್ವತ್ತು. ಸಿ. ಅಶ್ವತ್ಥರು ಹಾಡಲಿಲ್ಲಂದ್ರ, 1990ರಾಗ ನಾಗಾಭರಣರು ಷರೀಫರ ಸಿನಿಮಾ ಮಾಡಲಿಲ್ಲಂದ್ರ, ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿರತಿತ್ತು?

ನಿಜವಾದ ಕಳ್ಳತನ 'ಜಾನಪದ' ಅನ್ನೋ ಚೀಟಿಯೊಳಗ ಐತಿ. ಬೆಂಗಳೂರಿನ ಹುಡುಗ ಬರದು ಹಾಡಿದ್ರ ಇಂಡೀ, ಸಿಂಗರ್-ಸಾಂಗ್‌ರೈಟರ್. ನಮ್ಮಾಂವ ಬರದು ಹಾಡಿದ್ರ ಜಾನಪದ. ಜಾನಪದ ಅಂದ ಕೂಡಲೇ ಬರದಾವನ ಹೆಸರು ಮರೀಬೋದು. ಷರೀಫರು ತಮ್ಮ ಹಾಡಿಗೆ ಶಿಶುನಾಳಧೀಶ ಅಂತ ಅಂಕಿತ ಹಾಕ್ಯಾರ, ಅಂದ್ರ ಸಹಿ ಮಾಡ್ಯಾರ. ಆದರೂ ನೋಡ್ರಿ, ಎಷ್ಟೋ ವಿಡಿಯೋದ ಕೆಳಗ 'ಜಾನಪದ ಗೀತೆ' ಅಂತ ಬರದಿರ್ತಾರ.

ತಾನ ಬರದು, ತಾನ ರಾಗ ಕಟ್ಟಿ, ತಾನ ಹಾಡೋದು ನಮಗ ಹೊಸಾದಲ್ಲ. ರಾಮದುರ್ಗ ತಾಲೂಕಿನ ಹುಲಕುಂದದ ಭೀಮಕವಿ ಸ್ವಾತಂತ್ರ್ಯ ಹೋರಾಟದ ದಿನದಾಗ ಗೀಗೀ ಪದ ಕಟ್ಟಿದಾವರು. ದಪ್ಪು, ತುಂತುಣಿ, ತಾಳ, ಹಿಂದ ಗೀಯ ಗೀಯ ಅಂತ ದನಿ ಕೂಡಸಾವರು. ಇದಕ್ಕ ಬ್ಯಾಂಡ್ ಅನ್ನದ ಇನ್ನೇನು ಅನ್ನಬೇಕು? ಸಂಗೊಳ್ಳಿ ರಾಯಣ್ಣನ ಲಾವಣಿ ಕಟ್ಟಿದಾವರು ಇಂಗ್ರೇಜಿ ಸರಕಾರಕ್ಕ ಅಂಜಿ ಬಾಯಿ ಬದಲಿ ಮಾಡಲಿಲ್ಲ.

ಹಳೇ ಕಾಲ ಬಿಡ್ರಿ. ನಮ್ಮ ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ತಾವ ಬರದು ತಾವ ಹಾಡ್ತಾರ. 'ಕಾಡು ಕುದುರೆ' ಹಾಡು ಬರದು ರಾಗ ಹಾಕಿದ್ದು ಅವರು, ಅದನ್ನ ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅವರ ಒಂದು ಕವಿತೆಯ ಹೆಸರ 'ಹೇಳತೇನ ಕೇಳ'. 'ಹೇಳುತ್ತೇನೆ ಕೇಳು' ಅಂತ ತಿದ್ದಲಿಲ್ಲ. 2010ನೇ ಸಾಲಿನ ಜ್ಞಾನಪೀಠ ಅವರಿಗೆ ಬಂತು.

ಜ್ಞಾನಪೀಠಕ್ಕ ನಡದ ಮಾತು ನಮ್ಮ ಗ್ಯಾದರಿಂಗಿಗೆ ನಡಿಯಂಗಿಲ್ಲ!

8/9
"ಮತ್ತ ಟ್ರ್ಯಾಕ್ಟರ್ ಹಾಡು ಅದಾವಲ್ಲಪ್ಪ, ನಮ್ಮ ಭಾಷೆಯೊಳಗ ಪ್ರೀತಿ ಹಾಡು ಅಲ್ಲಿಲ್ಲೇನ?" ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ.

ಅದಾವ. ಊರಿನ ಹುಡುಗರು ಸ್ವಂತ ರೊಕ್ಕ ಹಾಕಿ ಬರದು, ಹಾಡಿ, ಯೂಟ್ಯೂಬಿಗೆ ಏರಿಸ್ತಾರ. ಯಾವ ಕಂಪನಿಗೂ ಕೈ ಮುಗಿಯಂಗಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಮ್ಯಾಲೆ, ಮದುವಿ ಮೆರವಣಿಗಿಯಾಗ, ಗಣಪತಿ ಮುಂದ ಅವ ಬಾರಸ್ತಾವ. ಕಾಲೇಜಿನ್ಯಾಗ ನಾವು 'ಹಳ್ಳಿ ಹಾಡು' ಅಂತ ಮೂಗು ಮುರೀತೀವಿ, ಮೆರವಣಿಗಿಯಾಗ ಅದಕ್ಕ ಮೈ ಮರತು ಕುಣೀತೀವಿ. ಆ ಹುಡುಗರಿಗೆ ನನ್ನ ಸಲಾಮು. ಬಾಯಿ ಬದಲಿ ಮಾಡದ ಮಂದಿ ಅವರ.

ಆದ್ರ ಅವರಿಗೂ ಒಂದು ಮಾತು. ಹತ್ತು ಹಾಡು ಕೇಳಿದ್ರ ಒಂಬತ್ತರಾಗ ಅದ ಬೀಟ್, ಅದ ಕೈ ಕೊಟ್ಟ ಹುಡುಗಿ, ಅದ ಕುಡಿಯೋ ಹುಡುಗ. ಕೈ ಕೊಟ್ಟ ಹುಡುಗನ ಮ್ಯಾಲೆ ಹಾಡು ಯಾಕಿಲ್ಲ? ನಮ್ಮ ರಾಮದುರ್ಗದಾಕಿ ಮೊದಲನೇ ಸಲ ಹಾಡು ತಂದಾಗ ನಾವ ಅಂದಿದ್ವಿ, "ಹೊಳಿ ಮ್ಯಾಲೆ ಯಾರು ಕೇಳ್ತಾರ, ಒಂದು ಲವ್ ಫೇಲ್ಯೂರ್ ಬರಿ." ಆಕಿ ಬರೀಲಿಲ್ಲ. ಪುಣ್ಯ.

ಇದಕ್ಕ ನನಗ ಆಲ್ಬಂ ಅನ್ನೋ ಚೌಕಟ್ಟು ಬೇಕು ಅನಸ್ತೈತಿ. ರೀಲ್ಸಿಗೆ ಒಂದು ಹುಕ್ ಸಾಕು, ಅರ್ಧ ನಿಮಿಷದಾಗ ಕೆಲಸ ಮುಗೀತು. ಎಂಟು ಹಾಡು ಮಾಡಾಕ ಕುಂತ್ರ ಒಂದ ಸಿಟ್ಟು, ಒಂದ ಪ್ರೀತಿ ಪೂರೈಸಂಗಿಲ್ಲ. ಮಗ್ಗ ಬರಬೇಕಾಗ್ತೈತಿ, ಬಸ್ ಬರಬೇಕಾಗ್ತೈತಿ, ಅವ್ವ ಬರಬೇಕಾಗ್ತೈತಿ. ಎಂಟು ಹಾಡಿನಷ್ಟು ನಮ್ಮ ಬದುಕು ಐತೇನ ಅಂತ ಕೇಳಿಕೊಳ್ಳಬೇಕಾಗ್ತೈತಿ. ಐತಿ ಅಂತ ನನಗ ಗೊತ್ತು.

9/9
ಕಡೀ ಫೋಟೋ. ಬಿಳಿ ಹಾಳಿ. ಮ್ಯಾಲೆ ಒಂದ ಸಾಲು, ಹೊಡದು ಹಾಕಿದ್ದನ್ನ ಮತ್ತ ಬರದಿದ್ದು: "ಮತ್ತ ಬರ್ತೀಯೇನ ಹೊಳಿ?"

ಈ ವರ್ಷದ ಗ್ಯಾದರಿಂಗ್‌ದಾಗ ನಾವು ಅದ ಹಾಡು ಹಾಡ್ತೀವಿ. ಬರದಂಗ. ಒಂದಕ್ಷರ ತಿದ್ದಂಗಿಲ್ಲ. ಮಾರ್ಕ್ಸ್ ಕಡಿಮಿ ಬಂದ್ರ ಬರ್ಲಿ, ನಕ್ಕರ ನಗ್ಲಿ. ನಗಾವರು ಎರಡನೇ ಚರಣಕ್ಕ ಸುಮ್ನಾಗ್ತಾರ, ಯಾಕಂದ್ರ ಅಲ್ಲಿ ಮಗ್ಗದ ಕುಣಿ ಬರ್ತೈತಿ. 2019ರಾಗ ನೀರು ಹೊಕ್ಕ ಮನಿಯಾವರು ನಮ್ಮ ಕ್ಲಾಸ್‌ನ್ಯಾಗ ಬಾಳ ಮಂದಿ ಅದಾರ.

ನಿಮ್ಮ ಕಡೆಯಿಂದ ನನಗ ಎರಡು ಕೆಲಸ ಆಗಬೇಕು.

ಒಂದು. ಬೈಲಹೊಂಗಲದಾಗ ಬೆಳಗಾವಿ ಬಸ್ ಹತ್ತಿದಾಗ ಆ 2008ರ ಆಲ್ಬಂ ಹಚ್ಚರಿ. ಶಫಲ್ ಬ್ಯಾಡ, ಮುಂದ ಓಡಿಸೋದು ಬ್ಯಾಡ, ಎಂಟೂ ಸಾಲಾಗಿ. ಇಳಿಯೋದ್ರೊಳಗ ಮುಗೀತೈತಿ. 'ಸೋರುತಿಹುದು' ಬಂದಾಗ ಕಿಡಕಿ ಹೊರಗಿನ ಮನಿಗಳ ಮಾಳಿಗಿ ನೋಡ್ರಿ.

ಎರಡು. ಮನಿಗೆ ಹೋಗಿ ನಾಕು ಸಾಲು ಬರೀರಿ. ಮನಿಯಾಗ ಮಾತಾಡಿದಂಗ. ಯಾವುದರ ಮ್ಯಾಲೆ ಬೇಕಾದ್ರೂ. ಬರದ ಮ್ಯಾಲೆ ಅವ್ವನ ಮುಂದ, ಆಯಿ ಮುಂದ, ಅಕ್ಕನ ಮುಂದ ಓದ್ರಿ. "ಯಾರ ಜೋಡಿ ಮಾತಾಡಾಕತ್ತೀಯೋ?" ಅಂತ ಅವರು ಕೇಳಲಿಲ್ಲಂದ್ರ ಹಾಡು ಕೂಡೇತಿ ಅಂತ ತಿಳಕೋರಿ. ನನಗ ಕಳಸ್ರಿ. ಕಿತ್ತೂರಿನಾಂವ ರಾಗ ಹುಡುಕ್ತಾನ, ಸವದತ್ತಿಯಾಂವ ಪೆಟ್ಟು ಹುಡುಕ್ತಾನ. ಬರದಾವರ ಹೆಸರು ಮೊದಲು ಹಾಕ್ತೀವಿ, 'ಜಾನಪದ' ಅಂತ ಹಾಕಂಗಿಲ್ಲ.

ಅಕ್ಟೋಬರ್ 23ಕ್ಕ ಕಿತ್ತೂರು ಉತ್ಸವ ಶುರು ಆಗ್ತೈತಿ. ದೊಡ್ಡ ಸ್ಟೇಜ್ ಮ್ಯಾಲೆ ಯಾರನ್ನ ಕರೀತಾರೋ ಕರೀಲಿ. ಒಂದಿನ ಆ ಸ್ಟೇಜ್ ಮ್ಯಾಲೆ ನಮ್ಮ ನಾಕು ತಾಲೂಕಿನ ಹುಡುಗ-ಹುಡುಗಿಯರು ಗಿಟಾರ್ ಹಿಡದು ನಿಂತಾಗ ನಿರೂಪಕರು ಕೇಳ್ಬೇಕು, "ಇದು ಯಾವ ಕನ್ನಡ?" ಅಂತ.

ಅವ್ವ ಕೆಳಗ ಕುಂತು ಹೇಳ್ತಾಳ, "ನಮ್ಮನೀದು."

#ನಮ್ಮಮಾತು #ಮನಿಕನ್ನಡ #ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ #ಶಿಶುನಾಳಷರೀಫ #ರಘುದೀಕ್ಷಿತ್